ಚೆರ್ರಿ ಮರದ ಕಪ್ಪು ಹೇನು ನಮ್ಮ ದಾವಣಗೆರೆಗೂ ಬರುತ್ತಾ?

ಬರುವುದಿಲ್ಲ, ಆರಾಮಾಗಿರಿ. ಜರ್ಮನಿಯಲ್ಲಿ ಮಗಳ ಮನೆ ಹಿತ್ತಲಿನ ಚೆರ್ರಿ ಎಲೆ ಮುದುಡಿ ಒಳಗೆಲ್ಲ ಕಪ್ಪು ಹೇನು ತುಂಬಿದೆ, ನಿಮ್ಮ ಅಲಸಂದೆಯಲ್ಲೂ ಅಂಥದ್ದೇ ಇದೆ, ಎರಡೂ ಒಂದೇನಾ, ಅವಳು ಊರಿಗೆ ಬರುವಾಗ ಲಗೇಜಿನ ಜೊತೆ ಬಂದು ನಮ್ಮ ಬೆಳೆಗೂ ಹತ್ತುತ್ತಾ ಅಂತ ಕೇಳಿದ್ದೀರಿ. ಎರಡೂ ಬೇರೆ ಬೇರೆ. ಆದರೆ ನಿಮ್ಮೂರ ಮೆಕ್ಕೆಜೋಳದ ಹೇನಿಗೂ ಚೆರ್ರಿಗೂ ಹಳೇ ನಂಟೊಂದಿದೆ. ಅದನ್ನೂ ಹೇಳುತ್ತೇನೆ. ನಾನು ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಭರಮಸಾಗರದ ಕಡೆ ಸ್ವಲ್ಪ ಜಮೀನೂ ಇದೆ, ಹಾಗಾಗಿ ಹೇನಿನ ಸಹವಾಸ ತಪ್ಪಿದ್ದಲ್ಲ.

ಚೆರ್ರಿ ಹೇನಿನ ಹೆಸರು ಮೈಜಸ್ ಸೆರಾಸಿ. ಉದ್ದ 2 ಮಿಲಿಮೀಟರ್ ಆಸುಪಾಸು. ಚಳಿಗಾಲವನ್ನು ಮೊಟ್ಟೆಯಾಗಿ ಚೆರ್ರಿ ಮೊಗ್ಗಿನ ಬುಡದಲ್ಲೇ ಕಳೆಯುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಚಿಗುರು ಬರುವ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ಹೊರಬರುವುದೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತವೆ. ಮರಿ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಮುಂದಿನ ಮರಿಗಳು ಬೆಳೆಯುತ್ತಿರುತ್ತವೆ. 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಅನ್ನುವವರು ಒಂದು ಹೇನನ್ನು ಹುಟ್ಟಿದಾಗಿನಿಂದ ಒಂಟಿಯಾಗಿಟ್ಟು ಕಾದರು. ಆ ಒಂಟಿ ಹೇನು ತೊಂಬತ್ತಕ್ಕೂ ಜಾಸ್ತಿ ಮರಿ ಹಾಕಿತು!

ಇದನ್ನು ನೋಡಲು ಜರ್ಮನಿಗೇನೂ ಹೋಗಬೇಕಿಲ್ಲ. ಹೇನು ಹತ್ತಿದ ಅಲಸಂದೆ ಎಳೆಗಾಯಿ ಒಂದನ್ನು ಕಿತ್ತು ಒಳ್ಳೆಯ ಭೂತಗನ್ನಡಿ ಹಿಡಿಯಿರಿ. ದಪ್ಪಗಿರುವ ಹೇನು ಹಿಂಭಾಗ ಸ್ವಲ್ಪ ಎತ್ತುತ್ತದೆ. ಮರಿ ಹಿಂದುಮುಂದಾಗಿ, ಅಂದರೆ ಬಾಲದ ಕಡೆಯಿಂದ, ಕಾಲು ಮಡಚಿಕೊಂಡು ಜಾರಿ ಬರುತ್ತದೆ. ಪೂರ್ತಿ ಹೊರಬರುವ ಮೊದಲೇ ಕಾಲು ಆಡಿಸಲು ಶುರು. ಸ್ವಲ್ಪ ಹೊತ್ತಿಗೆ ಅದೂ ಬಾಯಿ ಚುಚ್ಚಿ ರಸ ಹೀರುತ್ತಾ ಕೂತಿರುತ್ತದೆ. ತರಗತಿಗೆ ಇಂಥ ಒಂದು ಬಳ್ಳಿ ತಂದರೆ ಬೆಲ್ ಹೊಡೆದರೂ ಮಕ್ಕಳು ಏಳುವುದಿಲ್ಲ.

ಈ ಅಲಸಂದೆ ಹೇನು ಏಫಿಸ್ ಕ್ರಾಕ್ಸಿವೋರಾ. ದೊಡ್ಡವು ಮಿರಮಿರ ಕಪ್ಪು, ಕಾಲು ಬಿಳಿಚು, ಮರಿಗಳ ಮೈಮೇಲೆ ಬೂದಿ ಉದುರಿಸಿದ ಹಾಗೆ ಕಾಣುತ್ತದೆ. ಶೇಂಗಾ, ಅವರೆ, ಗೊಬ್ಬರದ ಗಿಡ ಇದರ ಊಟ. ಚೆರ್ರಿಯ ಗೊಡವೆ ಇದಕ್ಕಿಲ್ಲ.

ಚೆರ್ರಿ ಹೇನಿನದು ಎರಡು ಮನೆಯ ಸಂಸಾರ. ಜೂನ್-ಜುಲೈನಲ್ಲಿ ಎಲೆ ಬಲಿತು ರುಚಿ ಕೆಟ್ಟಾಗ ರೆಕ್ಕೆಯ ಹೇನುಗಳು ಹುಟ್ಟಿ ಮರ ಬಿಡುತ್ತವೆ. ಗೇಲಿಯಂ, ವೆರೋನಿಕಾ ಅನ್ನುವ ಕಳೆಗಳ ಮೇಲೆ ಬೇಸಿಗೆ ಕಳೆಯುತ್ತವೆ. ಹಗಲು ಗಿಡ್ಡವಾದಾಗ ಮಾತ್ರ ಗಂಡು ಹುಟ್ಟುತ್ತದೆ. ಆಗ ಮತ್ತೆ ಚೆರ್ರಿಗೆ ಬಂದು, ಕೂಡಿ, ಮೊಟ್ಟೆ ಇಡುತ್ತವೆ. ಯುರೋಪಿನ ಈ ಹೇನು ಈಗ ಉತ್ತರ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಇದೆ. ನಮ್ಮಲ್ಲಿ ಕಾಶ್ಮೀರ, ಹಿಮಾಚಲದ ಚೆರ್ರಿ ತೋಟಗಳಲ್ಲಿದೆ. ದಾವಣಗೆರೆಗೆ ಬಂದು ಏನು ಮಾಡೀತು? ಚೆರ್ರಿ ಹೂ ಕಟ್ಟಲು 7 ಡಿಗ್ರಿಗಿಂತ ಕಡಿಮೆ ಚಳಿ ನೂರಾರು ಗಂಟೆ ಬೇಕು, ಹಲವು ತಳಿಗಳಿಗೆ ಸಾವಿರ ಗಂಟೆ ಹತ್ತಿರ. ನಮ್ಮ ಜನವರಿ ಬೆಳಗಿನ ಜಾವವೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಲ್ವಾ? (ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿ ಹೆಚ್ಚಾಗಿ ಬಣ್ಣ ಹಾಕಿದ ಕವಳೆ ಹಣ್ಣು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ಈಗ ಆ ನಂಟು. ರೋಪಲೋಸೈಫಮ್ ಅಂತ ಇನ್ನೊಂದು ಹೇನಿನ ಕುಲವಿದೆ. ಅದರಲ್ಲಿ ಪಾಡಿ ಅನ್ನುವುದು ಯುರೋಪಿನಲ್ಲಿ ಕಾಡು ಚೆರ್ರಿ ಮೇಲೆ ಮೊಟ್ಟೆ ಇಟ್ಟು, ಬೇಸಿಗೆಯಲ್ಲಿ ಗೋಧಿ, ಓಟ್ಸ್ ಹೊಲಕ್ಕೆ ಇಳಿಯುತ್ತದೆ. ಅದರ ದಾಯಾದಿಯೇ ಮೈಡಿಸ್, ಅಂದರೆ ನಿಮ್ಮ ಮೆಕ್ಕೆಜೋಳದ ಸುಳಿ, ಸೂಲಂಗಿಯಲ್ಲಿ ಗುಂಪಾಗಿ ಕೂರುವ ನೀಲಿ-ಹಸಿರು ಹೇನು. ಪಾಕಿಸ್ತಾನದ ಬೆಟ್ಟಗಳಲ್ಲಿ ಹಿಮಾಲಯದ ಕಾಡು ಚೆರ್ರಿ ಪ್ರೂನಸ್ ಕಾರ್ನ್ಯೂಟಾ ಮೇಲೆ ಇದು ಗಂಡು-ಹೆಣ್ಣಾಗಿ ಕೂಡುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ನಮ್ಮಲ್ಲಿ ಮರವೂ ಇಲ್ಲ, ಚಳಿಯೂ ಇಲ್ಲ. ಹಾಗಾಗಿ ಮರದ ಹಂಗು ಬಿಟ್ಟು, ಮೆಕ್ಕೆಜೋಳ, ಜೋಳ, ಬದುವಿನ ಹುಲ್ಲು ಅಂತ ಅಲೆಯುತ್ತಾ ವರ್ಷವಿಡೀ ಹೆಣ್ಣೇ ಹೆಣ್ಣನ್ನು ಹಡೆಯುತ್ತದೆ. ನನ್ನ ಕೇಳಿದರೆ ಇದೇ ಜಾಸ್ತಿ ಜಾಣ ಹೇನು.

ಮಗಳಿಗೆ ಔಷಧಿ ಹುಡುಕಬೇಡ ಅನ್ನಿ. ಮುದುಡಿದ ತುದಿಗಳನ್ನು ಚಿವುಟಿ ಸೋಪಿನ ನೀರಲ್ಲಿ ಮುಳುಗಿಸಿದರೆ ಸಾಕು. ಸುಮ್ನೆ ಹೊರಗಿನಿಂದ ಸಿಂಪಡಿಸಿದರೆ ಸುರುಳಿಯೊಳಗಿನವಕ್ಕೆ ತಗಲುವುದೇ ಇಲ್ಲ. ಕಾಂಡದಲ್ಲಿ ಇರುವೆ ಹತ್ತುತ್ತಿದ್ದರೆ ತಡೆಯಲಿ, ಸಿಹಿ ಅಂಟಿಗಾಗಿ ಅವು ಹೇನನ್ನು ಕಾಯುತ್ತವೆ. ಹೇನಿನ ನಡುವೆ ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಉದ್ದನೆ ಹುಳ ಓಡಾಡುತ್ತಿದ್ದರೆ ಅದನ್ನು ಮಾತ್ರ ಕೊಲ್ಲಬಾರದು. ಅದು ಗುಲಗಂಜಿ ಹುಳದ ಮರಿ, ಹೇನು ತಿನ್ನಲೆಂದೇ ಬಂದಿರುತ್ತದೆ.