ಕಲ್ಲಿಕೋಟೆಯ ಮರದ ಪಳ್ಳಿಗೆ ಎಷ್ಟು ವಯಸ್ಸು?

ಪ್ರಶ್ನೆ: ಕಲ್ಲಿಕೋಟೆಯ ಕುಟ್ಟಿಚ್ಚಿರ ಕೆರೆ ಪಕ್ಕದ ಮಿಶ್ಕಾಲ್ ಪಳ್ಳಿ (ಮಸೀದಿ) ಸುಮಾರು 700 ವರ್ಷ ಹಳೆಯದಂತೆ. ಗುಮ್ಮಟವಿಲ್ಲ, ಮಿನಾರವಿಲ್ಲ, ಮೇಲೆಲ್ಲ ಮರ. ನಮ್ಮಂಥದೇ ಮಳೆಯ ಊರಿನಲ್ಲಿ ಮರ ಅಷ್ಟು ಕಾಲ ಬಾಳುತ್ತದೆಯೇ? – ಓದುಗರು, ವಿರಾಜಪೇಟೆ

ಉತ್ತರ: ಪಳ್ಳಿಯ ವಯಸ್ಸು ಬೇರೆ, ಈಗ ಕಾಣುವ ಮರದ ವಯಸ್ಸು ಬೇರೆ. ಕಟ್ಟಿಸಿದವರು ನಾಖುದಾ ಮಿಶ್ಕಾಲ್. ನಾಖುದಾ ಎಂದರೆ ಹಡಗಿನ ಒಡೆಯ. 1340ರ ದಶಕದಲ್ಲಿ ಕಲ್ಲಿಕೋಟೆಗೆ ಬಂದ ಪ್ರವಾಸಿ ಇಬ್ನ್ ಬತೂತಾ, ಚೀನಾ, ಯೆಮನ್, ಪರ್ಷಿಯಾಗಳ ಜೊತೆ ವ್ಯಾಪಾರ ಮಾಡುತ್ತಿದ್ದ ಈ ಸಿರಿವಂತನ ಹೆಸರನ್ನೇ ಬರೆದಿಟ್ಟಿದ್ದಾನೆ. ಹಾಗಾಗಿ 14ನೇ ಶತಮಾನ ಎನ್ನುವುದು ಬರೀ ಬಾಯಿಮಾತಲ್ಲ.

1510ರ ಜನವರಿಯಲ್ಲಿ ಸೇನಾನಿ ಅಲ್ಬುಕರ್ಕ್‌ ಜೊತೆ ಬಂದ ಪೋರ್ಚುಗೀಸ್ ಪಡೆ ಊರಿಗೆ ನುಗ್ಗಿ ಪಳ್ಳಿಗೆ ಬೆಂಕಿ ಇಟ್ಟಿತು. ಕಲ್ಲಿಕೋಟೆಯ ದೊರೆ ಸಾಮೂದಿರಿಯ ನಾಯರ್ ಪಡೆ ಅವರನ್ನು ಹಡಗಿಗೆ ಅಟ್ಟಿತು. ಸುಟ್ಟಿದ್ದನ್ನು ಆಮೇಲೆ ಮತ್ತೆ ಕಟ್ಟಿದರು. ಮೇಲಂತಸ್ತಿನಲ್ಲಿ ಬೆಂಕಿಯ ಗುರುತು ಇಂದಿಗೂ ಇದೆ. ಅದನ್ನು ಉಜ್ಜಿ ಅಳಿಸದೆ ಬಿಟ್ಟದ್ದು ದೊಡ್ಡ ವಿವೇಕ.

ಗುಮ್ಮಟ ಇಲ್ಲದಿರುವುದು ಕೊರತೆಯಲ್ಲ. ಗಾರೆಯ ಗುಮ್ಮಟ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮಳೆಗಾಲವಿಡೀ ನೀರು ಕುಡಿಯುತ್ತದೆ. ಇಳಿಜಾರಿನ ಹಂಚಿನ ಮಾಡಿನಲ್ಲಿ ನೀರು ನಿಲ್ಲುವುದಿಲ್ಲ. ಆ ಕರಾವಳಿಯ ದೇವಸ್ಥಾನ, ಅರಮನೆಗಳ ಕಸುಬೇ ಇಲ್ಲಿಯದೂ. ಮೇಲಿನ ಗೋಡೆಗಳಲ್ಲಿ ಸಂದು ಬಿಟ್ಟು ಓರೆಯಾಗಿ ಕೂರಿಸಿದ ಪಟ್ಟಿಗಳಿವೆ. ಇರಿಚಲು ಒಳಗೆ ಬರುವುದಿಲ್ಲ, ಗಾಳಿ ಆಡುತ್ತದೆ. ನೆನೆದ ಮರ ಬೇಗ ಒಣಗಿದರೆ ಕೊಳೆಯುವುದಿಲ್ಲ, ಗುಟ್ಟು ಅಷ್ಟೇ.

ಕೆಡುವುದು ಎಲ್ಲಿ? ಐನ್‌ಮನೆ (ಕೊಡಗಿನ ಕುಟುಂಬದ ಹಿರಿಮನೆ) ಇರುವವರಿಗೂ ಇದು ಬೇಕಾದ ಮಾತು. ಒಂದು ಹಂಚು ಜಾರಿದರೂ ನೀರು ಪಕಾಸಿಯ (ಮಾಡು ಹೊರುವ ಇಳಿಜಾರು ಮರದ) ಬೆನ್ನು ಹಿಡಿದು ಇಳಿದು, ಗೋಡೆಗೆ ತಾಗುವ ತುದಿಯಲ್ಲಿ ನಿಲ್ಲುತ್ತದೆ. ಮರ ಮೊದಲು ಮೆತ್ತಗಾಗುವುದು ಅಲ್ಲೇ. ನಡುವೆ ತಟ್ಟಿ ನೋಡಿ ಗಟ್ಟಿಯಿದೆ ಎಂದುಕೊಳ್ಳಬೇಡಿ, ತುದಿಗೆ ಮೊಳೆ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಒಳಗೆ ಲಡ್ಡು ಹಿಡಿದಿದೆ ಎಂದರ್ಥ. ಮುರಕಲ್ಲಿನ ಗೋಡೆಗೆ ಸಿಮೆಂಟ್ ಬಳಿಯುವುದು ಇನ್ನೊಂದು ತಪ್ಪು. ಕಲ್ಲಿನ ತೇವ ಹೊರಬರಲಾಗದೆ ಅದಕ್ಕೆ ತಾಗಿದ ಮರಕ್ಕೆ ಏರುತ್ತದೆ. ಸುಣ್ಣದ ಗಾರೆಯೇ ಸರಿ. ಹಸಿ ಮರಕ್ಕೆ ಆಯಿಲ್ ಪೇಂಟ್ ಹೊಡೆದರೂ ಇದೇ ಪಾಡು.

ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ, ತಲಚೇರಿ ದಾರಿಯಲ್ಲಿ ಹೋಗಬಹುದು. ಶುಕ್ರವಾರ ಮಧ್ಯಾಹ್ನ ಬೇಡ. ಬೇರೆ ದಿನವೂ ನಮಾಜಿನ ಹೊತ್ತು ತಪ್ಪಿಸಿ, ಒಳಗೆ ಹೋಗುವ ಮೊದಲು ಅಲ್ಲಿಯವರನ್ನು ಕೇಳಿ. ಕೆರೆಯ ಆಚೆ ದಡದಿಂದ ನೋಡಿದರೆ ನಾಲ್ಕೂ ಅಂತಸ್ತು ಕಾಣುತ್ತವೆ. ಹತ್ತಿರದಲ್ಲೇ ಮುಚ್ಚುಂದಿ ಪಳ್ಳಿ ಇದೆ. ಅಲ್ಲಿ ಸಾಮೂದಿರಿಯ ದತ್ತಿಯನ್ನು ಹೇಳುವ, ಅರಬ್ಬಿಯಲ್ಲೂ ಹಳೆಯ ಮಲಯಾಳದಲ್ಲೂ ಕೊರೆದ ಶಾಸನವಿದೆ. ಅದನ್ನು ನೋಡದೆ ಬರಬೇಡಿ.