1979ರ ಕಾರ್ವೆಟ್‌ಗೆ ಪಿಕಪ್‌ನ 5.3 ಎಂಜಿನ್ ಹಾಕಬಹುದೇ? ಯೋಜನೆ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಿಮ್ಮ ಹತ್ತಿರ 1979ರ ಕಾರ್ವೆಟ್ ಇದೆ, ಅದರಲ್ಲಿ ಹಳೆಯ ಎಲ್48 ಎಂಬ 350 ಘನ ಇಂಚಿನ ಎಂಜಿನ್, ಟಿಎಚ್350 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಜಂಕ್‌ಯಾರ್ಡ್‌ನಲ್ಲಿ ಅಗ್ಗಕ್ಕೆ ಸಿಗುವ ಸಿಲ್ವರಾಡೊ ಪಿಕಪ್‌ನ 5.3 ಲೀಟರ್ ಎಂಜಿನ್ ತಂದು ಕೂರಿಸಬಹುದೇ?

ಕೂರುತ್ತದೆ. ಆದರೂ ನಿಮಗೆ ಅದು ಬೇಡ ಎನ್ನುತ್ತೇನೆ. 2001 ಅಥವಾ 2002ರ ಕಮಾರೊ ಇಲ್ಲವೇ ಫೈರ್‌ಬರ್ಡ್‌ನ ಎಲ್‌ಎಸ್1 ಎಂಜಿನ್ನನ್ನು ಅದರ 4ಎಲ್60ಇ ಗೇರ್‌ಬಾಕ್ಸ್, ಕಂಪ್ಯೂಟರ್, ವೈರಿಂಗ್, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ ಒಂದೇ ಕಾರಿನಿಂದ ಇಡಿಯಾಗಿ ತನ್ನಿ. ಎಲ್48 ಕೊಡುತ್ತಿದ್ದುದು 195 ಅಶ್ವಶಕ್ತಿ, ಆ ವರ್ಷಗಳ ಜೆಡ್28 ಕಮಾರೊದ ಎಲ್‌ಎಸ್1 ಕೊಡುವುದು 310.

ಮೊದಲ ಕಾರಣ ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಮಾತ್ರ ಸ್ಮಾಗ್ ಪರೀಕ್ಷೆಯಿಂದ (ಹೊಗೆ ತಪಾಸಣೆಯಿಂದ) ವಿನಾಯಿತಿ, ನಿಮ್ಮದು 1979ರದು. ಎಂಜಿನ್ ಬದಲಿಸಿದ ಕಾರನ್ನು ಸ್ಮಾಗ್ ರೆಫರಿಯ, ಅಂದರೆ ಇಂಥ ಕಾರುಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಅಧಿಕೃತ ಕೇಂದ್ರದ ಬಳಿ ಒಯ್ಯಬೇಕು. ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಮೂಲ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗಿದ್ದು ಕೆಲಸ ಮಾಡುತ್ತಿರಬೇಕು, ಕಾರಿನ ವರ್ಗಕ್ಕಿಂತ ಸಡಿಲವಾದ ಮಾನದಂಡದ ಎಂಜಿನ್ ಆಗಿರಬಾರದು. ಪಿಕಪ್ ಎಂಜಿನ್ನಿಗೆ ತೊಡಕು ಬರುವುದು ಈ ಕೊನೆಯ ಮಾತಿನಲ್ಲಿ. ಹೆವಿ ಡ್ಯೂಟಿ ಪಿಕಪ್‌ನ 6.0 ಲೀಟರ್ ಅಂತೂ ಆಗುವುದೇ ಇಲ್ಲ. 2001–02ನೇ ಸಾಲನ್ನೇ ಹೇಳಲು ಕಾರಣ, 2000ದವರೆಗಿನ ಕಮಾರೊಗಳಲ್ಲಿದ್ದ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ) ಇವುಗಳಲ್ಲಿಲ್ಲ. ರೆಫರಿಗೆ ತೋರಿಸಬೇಕಾದ ಭಾಗ ಅಷ್ಟು ಕಡಿಮೆ. ಆದರೆ ಏರ್ ಪಂಪು, ಕಾರ್ಬನ್ ಕ್ಯಾನಿಸ್ಟರ್, ಪರ್ಜ್ ವಾಲ್ವ್, ಚೆಕ್ ಎಂಜಿನ್ ದೀಪ, ದೋಷದ ಕೋಡ್ ಓದುವ ಒಬಿಡಿ-2 ಸಾಕೆಟ್ ಎಲ್ಲ ಇರಲೇಬೇಕು. ಕ್ಯಾಟಲಿಟಿಕ್ ಕನ್ವರ್ಟರ್‌ಗಳು ಕಮಾರೊದಲ್ಲಿ ಎಂಜಿನ್ನಿಗೆ ಎಷ್ಟು ದೂರದಲ್ಲಿದ್ದವೋ ಇಲ್ಲೂ ಅಷ್ಟೇ ದೂರದಲ್ಲಿರಲಿ. ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಡುವ ಬಿಡಿ ಪೈಪುಗಳು) ಹಾಕುವುದಾದರೆ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇರುವುದನ್ನೇ ಕೊಳ್ಳಿ. ಒಂದು ಬೋಲ್ಟ್ ಬಿಚ್ಚುವ ಮೊದಲೇ ರೆಫರಿಯ ಹತ್ತಿರ ಮಾತಾಡಿ. ಹಣದ ಅನುಕೂಲ ಇದ್ದರೆ ಜಿಎಂನವರೇ ಮಾರಿದ ಇ-ರಾಡ್ ಎಲ್‌ಎಸ್3 ಕಿಟ್ ಇದೆ, ಅದು ಆ ಅನುಮತಿಯೊಂದಿಗೇ ಬರುತ್ತದೆ.

ಎರಡನೇ ಕಾರಣ ಜಾಗ. ಪಿಕಪ್‌ನ ಇನ್‌ಟೇಕ್, ಅಂದರೆ ಎಂಜಿನ್ನಿನ ಮೇಲೆ ಕೂತು ಗಾಳಿ ಒಳಗೆ ಒಯ್ಯುವ ಭಾಗ, ಎತ್ತರ, ಕಾರ್ವೆಟ್‌ನ ತಗ್ಗು ಬಾನೆಟ್ ಮುಚ್ಚುವುದಿಲ್ಲ. ಅದರ ಆಯಿಲ್ ಪ್ಯಾನ್ ಆಳ, ಕ್ರಾಸ್‌ಮೆಂಬರ್‌ಗಿಂತ (ಫ್ರೇಮಿನ ಅಡ್ಡಪಟ್ಟಿಗಿಂತ) ಕೆಳಗೆ ಜೋತು ರಸ್ತೆಗೆ ಬಡಿಯುತ್ತದೆ. ಬೆಲ್ಟ್ ಸಾಲು ಕೂಡ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್ (ಎಲ್‌ಎಸ್1 ಸೇರಿದ ಎಂಜಿನ್ ಕುಟುಂಬ) ಎಂಜಿನ್ನಿಗಿಂತ ಸುಮಾರು ಒಂದೂವರೆ ಇಂಚು ಮುಂದೆ ಚಾಚಿರುತ್ತದೆ. ಇವನ್ನೆಲ್ಲ ಬದಲಿಸಿ ಮುಗಿಸುವಷ್ಟರಲ್ಲಿ ಅಗ್ಗದ ಎಂಜಿನ್ ಅಗ್ಗವಾಗಿ ಉಳಿದಿರುವುದಿಲ್ಲ. ಕಮಾರೊ ಎಂಜಿನ್ನಿನ ಇನ್‌ಟೇಕ್ ತಗ್ಗು, ಪ್ಯಾನ್ ಹೊಂದುವ ಸಾಧ್ಯತೆ ಹೆಚ್ಚು, ಬ್ಲಾಕ್ ಅಲ್ಯೂಮಿನಿಯಂ ಆದ್ದರಿಂದ ಮುಂಭಾಗದ ಭಾರವೂ ಇಳಿಯುತ್ತದೆ. ಅದರ ಎಸಿ ಕಂಪ್ರೆಸರ್ ಮಾತ್ರ ಬಲಗಡೆ ತೀರಾ ಕೆಳಗಿದೆ. ಫ್ರೇಮಿಗೆ ತಾಗುತ್ತದೆಯೇ ಎಂದು ಅಳೆದೇ ತೀರ್ಮಾನಿಸಬೇಕು.

ಎಂಜಿನ್ ಹುಡುಕುವುದಕ್ಕೂ ಮುಂಚೆ ಕಾರನ್ನು ಎತ್ತಿ ನಿಲ್ಲಿಸಿ ಫ್ರೇಮ್ ನೋಡಿ. ಹಿಂದಿನ ಚಕ್ರದ ಮುಂದೆ ಫ್ರೇಮ್ ಮೇಲಕ್ಕೆ ಬಾಗುವ ಜಾಗ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ತಟ್ಟಿ, ಗಟ್ಟಿ ಲೋಹದ ಸದ್ದು ಬರಬೇಕು, ಮಂಕಾಗಿ ಕೇಳಿದರೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮುಂದಿನ ಗಾಜಿನ ಸುತ್ತಲಿನ ಉಕ್ಕಿನ ಚೌಕಟ್ಟನ್ನೂ ನೋಡಿ. ಫೈಬರ್‌ಗ್ಲಾಸ್ ಬಾಡಿ ತುಕ್ಕು ಹಿಡಿಯದೆ ಹೊಳೆಯುತ್ತಲೇ ಇರುವುದರಿಂದ ಒಳಗಿನ ಉಕ್ಕಿನ ಸ್ಥಿತಿ ಹೊರಗೆ ಗೊತ್ತೇ ಆಗುವುದಿಲ್ಲ. ಫ್ರೇಮ್ ಹೋಗಿದ್ದರೆ ಎಂಜಿನ್ನಿನ ಹಣ ಅದಕ್ಕೇ ಹೋಗಲಿ. ಹಾಗೇ ಡಿಫರೆನ್ಷಿಯಲ್‌ನ ಎರಡೂ ಬದಿಯ ಯೋಕ್‌ಗಳನ್ನು (ಹಾಫ್ ಶಾಫ್ಟ್ ಸೇರುವ ಕವೆಗಳನ್ನು) ಹಿಡಿದು ಒಳಗೆ ಹೊರಗೆ ಆಡಿಸಿ. ಈ ಕಾರಿನಲ್ಲಿ ಚಕ್ರಕ್ಕೆ ಶಕ್ತಿ ಒಯ್ಯುವ ಹಾಫ್ ಶಾಫ್ಟೇ ಸಸ್ಪೆನ್ಷನ್ನಿನ ಮೇಲಿನ ಕೈಯಾಗಿಯೂ ದುಡಿಯುತ್ತದೆ, ಹಾಗಾಗಿ ಯೋಕ್‌ನ ತುದಿ ಸವೆದರೆ ಚಕ್ರದ ಕೋನವೇ ಬದಲಾಗುತ್ತದೆ.

ಎಂಜಿನ್ ಕೂರಿಸಲು ಅಡಾಪ್ಟರ್ ಪ್ಲೇಟ್ ಬೇಕು. ಎಲ್‌ಎಸ್ ಬ್ಲಾಕ್‌ನಲ್ಲಿ ಮೌಂಟಿಗೆ ನಾಲ್ಕು ಬೋಲ್ಟ್, ಹಳೆಯದರಲ್ಲಿ ಮೂರು. ಎಂಜಿನ್, ಗೇರ್‌ಬಾಕ್ಸ್ ಸೇರಿಸಿ ಒಮ್ಮೆ ಇಳಿಸಿ, ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿ ನೋಡಿ. ಸ್ಟೀರಿಂಗ್ ರಾಡ್‌ಗೂ ಆಯಿಲ್ ಪ್ಯಾನ್‌ಗೂ ನಡುವೆ ಕನಿಷ್ಠ ಅರ್ಧ ಇಂಚು ಸಂದಿ ಇರಲಿ, ಎಂಜಿನ್ ಓಡುವಾಗ ಅಲುಗುತ್ತದೆ. 4ಎಲ್60ಇ ನಿಮ್ಮ ಟಿಎಚ್350ಗಿಂತ ಸುಮಾರು ಮೂರು ಇಂಚು ಉದ್ದ, ಅದರ ಮೌಂಟ್ ಎರಡು ಇಂಚು ಹಿಂದೆ. ಆಟೋಮ್ಯಾಟಿಕ್ ಕಾರಾದ್ದರಿಂದ ನಿಮ್ಮ ಕ್ರಾಸ್‌ಮೆಂಬರ್ ಬೋಲ್ಟಿನದು, ಬದಲಿಸುವುದು ಸುಲಭ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಲು ಕೊಡುವುದು ಎಲ್ಲ ಬಿಗಿಯಾದ ಮೇಲೆ ಅಳೆದು, ಮುಂಚೆ ಅಲ್ಲ. ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುವುದರಿಂದ ಕೋನ ಸರಿಪಡಿಸಲು ಸಿಗುವುದು ಗೇರ್‌ಬಾಕ್ಸ್‌ನ ಹಿಂಬದಿಯ ಎತ್ತರ ಒಂದೇ.

ಟಿಎಚ್350 ಉಳಿಸಿಕೊಳ್ಳುವ ಆಸೆ ಇದ್ದರೆ ತಿಳಿದಿರಲಿ: ಎಲ್‌ಎಸ್ ಕ್ರ್ಯಾಂಕ್‌ನ ಹಿಂತುದಿ ಹಳೆಯದಕ್ಕಿಂತ 0.4 ಇಂಚು ಒಳಗಿದೆ. ಸ್ಪೇಸರ್, ಚಪ್ಪಟೆ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನು ಟಾರ್ಕ್ ಕನ್ವರ್ಟರ್‌ಗೆ ಸೇರಿಸುವ ತಟ್ಟೆ), ಉದ್ದದ ಬೋಲ್ಟ್ ಇಲ್ಲದೆ ಕಟ್ಟಿದರೆ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್‌ನ ಪಂಪಿನಲ್ಲಿ ಪೂರ್ತಿ ಕೂರದೆ ಪಂಪನ್ನೇ ಹಾಳು ಮಾಡುತ್ತದೆ. ಕಂಪ್ಯೂಟರ್ ಕೂಡ 4ಎಲ್60ಇ ಕಾಣದೆ ದೋಷದ ಕೋಡ್ ಕೊಡುತ್ತಿರುತ್ತದೆ, ಅದು ರೆಫರಿಯ ಮುಂದೆ ಹೊಸ ತಕರಾರು.

ಹೆಚ್ಚು ಜನ ಎಡವುವುದು ಪೆಟ್ರೋಲ್ ಲೈನಿನಲ್ಲಿ. ಹಳೆಯ ಮೆಕ್ಯಾನಿಕಲ್ ಪಂಪು ಕೊಡುತ್ತಿದ್ದುದು 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ, ಎಲ್‌ಎಸ್1 ಕೇಳುವುದು 58. ಪಂಪನ್ನು ಟ್ಯಾಂಕಿನ ಒಳಗೇ ಇಡಿ. ಹೊರಗಿಟ್ಟ ಪಂಪು ಬಿಸಿಯಾಗುತ್ತದೆ, ಕೂಗುತ್ತದೆ, ಟ್ಯಾಂಕ್ ಅರ್ಧಕ್ಕಿಳಿದಾಗ ತಿರುವಿನಲ್ಲಿ ಗಾಳಿ ಎಳೆಯುತ್ತದೆ. ಗಂಟೆಗೆ 255 ಲೀಟರಿನ ಪಂಪು ಬೇಕಾದಷ್ಟಾಯಿತು. 1999ರಿಂದ 2003ರ ಕಾರ್ವೆಟ್‌ನ ಫಿಲ್ಟರ್‌ನಲ್ಲಿ 58 ಪಿಎಸ್‌ಐ ರೆಗ್ಯುಲೇಟರ್ ಸೇರಿಯೇ ಇದೆ. ಅದನ್ನು ಟ್ಯಾಂಕಿನ ಹತ್ತಿರ ಕಟ್ಟಿದರೆ ವಾಪಸ್ ಲೈನು ಗಿಡ್ಡವಾಗಿ ಮುಗಿದು, ಎಂಜಿನ್‌ವರೆಗೆ 3/8 ಇಂಚಿನ ಒಂದೇ ಲೈನು ಸಾಕು. ರಬ್ಬರ್ ಹೋಸಿನ ಮೇಲೆ 30ಆರ್9 ಎಂದು ಬರೆದಿರಲೇಬೇಕು. ಕಾರ್ಬ್ಯುರೇಟರ್ ಕಾಲದ 30ಆರ್7 ಈ ಒತ್ತಡಕ್ಕೆ ಒಡೆದು ಬಿಸಿ ಎಕ್ಸಾಸ್ಟಿನ ಮೇಲೆ ಪೆಟ್ರೋಲ್ ಚಿಮ್ಮಿಸಬಹುದು, ಸುತ್ತ ಇರುವುದು ಫೈಬರ್‌ಗ್ಲಾಸ್. ಇಲ್ಲಿ ಮಾತ್ರ ದಯವಿಟ್ಟು ಉಳಿತಾಯ ನೋಡಬೇಡಿ.

ಫೈಬರ್‌ಗ್ಲಾಸ್‌ನಿಂದ ಇನ್ನೊಂದು ತೊಂದರೆ: ಬಾಡಿ ಗ್ರೌಂಡ್ ಆಗುವುದಿಲ್ಲ, ಅಂದರೆ ಅದರ ಮೂಲಕ ಕರೆಂಟು ಬ್ಯಾಟರಿಗೆ ವಾಪಸ್ ಹರಿಯುವುದಿಲ್ಲ. ಕಂಪ್ಯೂಟರ್, ಪಂಪು, ಫ್ಯಾನು, ಪ್ರತಿಯೊಂದಕ್ಕೂ ಫ್ರೇಮಿಗೋ ಬ್ಲಾಕಿಗೋ ಬೇರೆ ವೈರು ಎಳೆಯಬೇಕು. ಬ್ಯಾಟರಿ ಸೀಟಿನ ಹಿಂದೆ ಇರುವುದರಿಂದ ಎಂಜಿನ್ನಿಗೆ ಹೋಗುವ ಕೇಬಲ್ ಉದ್ದ. ಸ್ಟಾರ್ಟರ್ ತಿರುಗಿಸುವಾಗ ಬ್ಯಾಟರಿಯ ನೆಗೆಟಿವ್‌ಗೂ ಬ್ಲಾಕಿಗೂ ನಡುವೆ ಮೀಟರ್ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ ದಪ್ಪ ಮಾಡಿ. ಎಂಜಿನ್ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ನಿಂತುಹೋದರೆ ಪಂಪನ್ನು ಬೈಯಬೇಡಿ, ಅದು ಕಮಾರೊದ ಕಳ್ಳತನ ತಡೆ ವ್ಯವಸ್ಥೆ ಪೆಟ್ರೋಲ್ ನಿಲ್ಲಿಸುತ್ತಿರುವುದು. ಕಂಪ್ಯೂಟರಿನಲ್ಲಿ ಅದೊಂದನ್ನು ತೆಗೆಸಬೇಕು. ಹಳೆಯ ಟ್ಯಾಕೋಮೀಟರ್ (ಎಂಜಿನ್ ವೇಗದ ಗೇಜ್) ಎಂಜಿನ್ನಿನ ಪ್ರತಿ ಒಂದು ಸುತ್ತಿನಲ್ಲಿ ನಾಲ್ಕು ಪಲ್ಸ್ ಕೇಳುತ್ತದೆ, ಈ ಕಂಪ್ಯೂಟರ್ ಕೊಡುವುದು ಎರಡು ದುರ್ಬಲ ಪಲ್ಸ್. 12 ವೋಲ್ಟಿಗೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಕಟ್ಟಿ, ಪಲ್ಸ್ ಸಂಖ್ಯೆ ಬದಲಿಸಿಕೊಳ್ಳಿ. ಸ್ಪೀಡೋಮೀಟರಿನ ಕೇಬಲ್ಲಿಗೆ 4ಎಲ್60ಇನಲ್ಲಿ ಜಾಗವಿಲ್ಲ, ಸಿಗ್ನಲ್ ನೋಡಿ ಕೇಬಲ್ ತಿರುಗಿಸುವ ಮೋಟಾರ್ ಡಬ್ಬಿ ಬೇಕು. ಹೆಡ್‌ಲೈಟ್ ಎತ್ತುವುದು ವ್ಯಾಕ್ಯೂಮ್, ಆ ಪೈಪನ್ನು ಇನ್‌ಟೇಕ್‌ಗೆ ಸೇರಿಸುವುದು ಮರೆಯಬೇಡಿ.

ಕೂಲಿಂಗ್‌ನಲ್ಲಿ, ಹೆಡ್‌ಗಳಿಂದ ಬರುವ ಸಣ್ಣ ಸ್ಟೀಮ್ ಪೈಪನ್ನು ಮುಚ್ಚಬೇಡಿ. ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಿಸಿ, ಇಲ್ಲವಾದರೆ ಗಾಳಿ ಸಿಕ್ಕಿಕೊಂಡು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನಿಮ್ಮ ಕಾರು ಗಾಳಿ ಎಳೆಯುವುದು ಮೂತಿಯ ಕೆಳಗಿನಿಂದ. ಕೆಳಗಿನ ಏರ್ ಡ್ಯಾಮ್, ರೇಡಿಯೇಟರ್ ಸುತ್ತಲಿನ ರಬ್ಬರ್ ಸೀಲ್ ಇಲ್ಲದಿದ್ದರೆ ಎಂಥ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದರೂ ಬಿಸಿ ಏರುತ್ತದೆ.

ಕೊನೆಯದಾಗಿ ಆಯಿಲ್. ಪ್ಯಾನ್ ಬಿಚ್ಚಿದ್ದರೆ ಪಿಕಪ್ ಟ್ಯೂಬಿನ (ಪ್ಯಾನ್‌ನಿಂದ ಆಯಿಲ್ ಎಳೆಯುವ ಕೊಳವೆಯ) ಓ-ರಿಂಗ್ ಹೊಸದು ಹಾಕಿ, ಎಣ್ಣೆ ಹಚ್ಚಿ ನೇರವಾಗಿ ತಳ್ಳಿ. ಅದು ಕತ್ತರಿಸಿಕೊಂಡರೆ ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಮೊದಲ ಸಲ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಹತ್ತು ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ಮೂರು ನಾಲ್ಕು ಸಲ ತಿರುಗಿಸಿದರೂ ಆಯಿಲ್ ಗೇಜಿನ ಮುಳ್ಳು ಏಳದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಪ್ಯಾನ್ ಮತ್ತೆ ಇಳಿಸಿ ಮೊದಲು ಆ ರಿಂಗ್ ನೋಡಿ.