ಕರಪತ್ರ ಹಂಚುವ ಕೆಲಸ: ತುಮಕೂರಿನ ಓದುಗರೊಬ್ಬರಿಗೆ ಉತ್ತರ

(ಪತ್ರದ ಸಾರ: ನಾನು ಬಿ.ಕಾಂ. ವಿದ್ಯಾರ್ಥಿನಿ. ರಜೆಯಲ್ಲಿ ಕೋಚಿಂಗ್ ಸೆಂಟರ್ ಒಂದರ ಕರಪತ್ರಗಳನ್ನು ತುಮಕೂರಿನ ಬಸ್ ನಿಲ್ದಾಣ ಮತ್ತು ಟೌನ್‌ಹಾಲ್ ಸುತ್ತಮುತ್ತ ಹಂಚುತ್ತಿದ್ದೇನೆ. ಸಾವಿರಕ್ಕೆ ಇಷ್ಟು ಎಂದು ಕೂಲಿ. ಜನರು ಮುಖವನ್ನೂ ನೋಡದೆ ಹೋಗುತ್ತಾರೆ. ತೆಗೆದುಕೊಂಡವರು ನಾಲ್ಕು ಹೆಜ್ಜೆ ಹೋಗಿ ಬಿಸಾಡುತ್ತಾರೆ. ಕಸ ಗುಡಿಸುವ ಅಮ್ಮ ನನ್ನನ್ನು ಬೈಯುತ್ತಾರೆ. ಜೊತೆಯವರು ಅರ್ಧ ಬಂಡಲ್ಲನ್ನು ಚರಂಡಿಗೆ ಹಾಕಿ ಪೂರ್ತಿ ಕೂಲಿ ಪಡೆಯುತ್ತಾರೆ. ಇದೂ ಒಂದು ಕೆಲಸವೇ? ಬಯೋಡೇಟಾದಲ್ಲಿ ಬರೆಯಬಹುದೇ?)

ಪ್ರಿಯ ಓದುಗರೇ,

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ಇದು ಕೆಲಸವೇ. ಅದೂ ಮೈ ಮನಸ್ಸು ಎರಡನ್ನೂ ದಣಿಸುವ ಕೆಲಸ. ಎ5 ಅಳತೆಯ, 90 ಜಿಎಸ್‌ಎಂ (ಚದರ ಮೀಟರಿಗೆ 90 ಗ್ರಾಂ ತೂಗುವ) ಕಾಗದದ ಸಾವಿರ ಕರಪತ್ರಗಳು ಸುಮಾರು 2.8 ಕಿಲೋ ತೂಗುತ್ತವೆ. ಆ ಭಾರದಲ್ಲಿ ಒಂದು ಪಾಲನ್ನು ಎಡ ಮುಂಗೈಯ ಮೇಲೆ ಇಟ್ಟುಕೊಂಡು, ಒಂದಕ್ಕೊಂದು ಅಂಟಿಕೊಳ್ಳುವ ನುಣುಪು ಹಾಳೆಗಳನ್ನು ಹೆಬ್ಬೆರಳಿನಿಂದ ಬಿಡಿಸಿ, ಗಾಳಿಗೆ ಹಾರದಂತೆ ಹಿಡಿದು, ಎದುರು ಬರುವವರಿಗೆ ಎರಡು ಹೆಜ್ಜೆ ಮೊದಲೇ ಕಾಣುವಂತೆ ನೀಡಬೇಕು. ಎದೆಗೆ ನೇರವಾಗಿ ಒಡ್ಡಿದರೆ ಜನ ಹಿಂದೆ ಸರಿಯುತ್ತಾರೆ. ಸ್ವಲ್ಪ ಪಕ್ಕದಿಂದ, ಅವರ ಕೈ ಇರುವ ಎತ್ತರಕ್ಕೆ ನೀಡಿದರೆ ತಾವಾಗಿ ಹಿಡಿಯುತ್ತಾರೆ. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಾರರು. ಬಿಸಿಲಿನಲ್ಲಿ ನಿಂತು ನೀವೇ ಕಲಿತಿರುತ್ತೀರಿ.

ಮುಖ ನೋಡದೆ ಹೋಗುವವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನೋವು ಹೆಚ್ಚಾಗಿ ಇರುವುದು ಅಲ್ಲಿಯೇ. ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯಲು ಓಡುವವರು, ಗುಬ್ಬಿ, ಕೊರಟಗೆರೆಗಳ ಕಡೆಯಿಂದ ಬಸ್ಸಿಳಿದು ಕಾಲೇಜಿನ ಗಂಟೆಗೆ ಧಾವಿಸುವವರು ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರುವುದಿಲ್ಲ. ಆದರೆ ಬಿಡುವಿದ್ದೂ ಕಣ್ಣು ತಪ್ಪಿಸುವವರಿದ್ದಾರೆ, ಅದನ್ನು ನಾನು ಸಮರ್ಥಿಸಲಾರೆ. ಬೇಡವೆಂದು ತಲೆಯಾಡಿಸುವುದಕ್ಕೆ ಅರೆಗಳಿಗೆ ಸಾಕು. ಕರಪತ್ರವನ್ನು ನಿರಾಕರಿಸುವ ಹಕ್ಕು ಎಲ್ಲರಿಗೂ ಇದೆ. ಕೊಡುವವರನ್ನು ಕಂಡೂ ಕಾಣದಂತೆ ಇರುವ ಹಕ್ಕು ಇದೆಯೆಂದು ನನಗೆ ತೋರುವುದಿಲ್ಲ. ನಿಮ್ಮ ಪತ್ರವನ್ನು ಓದುವ ಉಳಿದ ಓದುಗರಿಗೂ ಈ ಮಾತನ್ನು ವಿನಯದಿಂದ ಹೇಳುತ್ತಿದ್ದೇನೆ.

ಬಂಡಲ್ಲನ್ನು ಚರಂಡಿಗೆ ಹಾಕುವುದು ತಪ್ಪು. ಮಾಲೀಕರು ಅಚ್ಚಿಗೂ ಕೂಲಿಗೂ ಹಣ ಕೊಟ್ಟಿದ್ದಾರೆ. ಕಟ್ಟಿಕೊಂಡ ಚರಂಡಿಗೆ ಕೊನೆಗೆ ಕೈ ಹಾಕಬೇಕಾದವರು ಪೌರಕಾರ್ಮಿಕರು. ಹಾಗೆಂದು ನಿಮ್ಮ ಜೊತೆಯವರನ್ನಷ್ಟೇ ದೂರಿ ನಾನು ಸುಮ್ಮನಾಗಲಾರೆ. ಸಾವಿರಕ್ಕೆ ಇಷ್ಟು ಎಂಬ ಕೂಲಿಯ ಲೆಕ್ಕವೇ ಈ ಮೋಸವನ್ನು ಕಲಿಸುತ್ತದೆ. ಖಾಲಿಯಾದ ಹಾಳೆಗಳಿಗೆ ಮಾತ್ರ ಬೆಲೆಯಿದ್ದು, ನಿಂತ ಹೊತ್ತಿಗೆ ಬೆಲೆಯಿಲ್ಲದಿದ್ದರೆ, ಪಿಯುಸಿ ಮುಗಿಸಿದ ಮಗಳನ್ನು ಕರೆದುಕೊಂಡು ಬಂದ ತಂದೆಗೆ ಒಂದು ಹಾಳೆ ಕೊಟ್ಟು ಅವರ ಪ್ರಶ್ನೆಗೆ ಉತ್ತರಿಸಿದವರೂ, ನಿಂತ ಬೈಕುಗಳಿಗೆಲ್ಲ ಕಣ್ಣು ಮುಚ್ಚಿ ಸಿಕ್ಕಿಸಿ ಹೋದವರೂ ಒಂದೇ ಆಗಿಬಿಡುತ್ತಾರೆ. ಆದ್ದರಿಂದ ದಿನಗೂಲಿಯನ್ನು ಕೇಳಿ. ಹಾಳೆಗಳು ಕಡಿಮೆಯಿರಲಿ, ಬೇಕಾದವರಿಗೆ ತಲುಪಲಿ, ಕೊನೆಯ ಅರ್ಧ ಗಂಟೆ ಸುತ್ತ ಬಿದ್ದದ್ದನ್ನು ಆರಿಸಿಕೊಳ್ಳುವುದಕ್ಕೂ ಕೂಲಿ ಸೇರಿರಲಿ ಎಂದು ಮಾಲೀಕರಿಗೆ ಹೇಳಿ. ತಮ್ಮ ಸಂಸ್ಥೆಯ ಹೆಸರು ಕಾಲಡಿಯಲ್ಲಿ ಬಿದ್ದಿರುವುದು ಅವರಿಗೂ ಶೋಭೆಯಲ್ಲ. ನಿಮ್ಮನ್ನು ಬೈದ ಆ ತಾಯಿಯ ಸಿಟ್ಟು ನ್ಯಾಯವಾದದ್ದು. ಅದು ನಿಮ್ಮ ಮೇಲೆ ಬಿದ್ದದ್ದು ಮಾತ್ರ ಅನ್ಯಾಯ.

ನೀವು ಕೇಳದಿದ್ದರೂ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ: ಹಂಚುವ ಮೊದಲು ಹಾಳೆಯನ್ನು ಪೂರ್ತಿ ಓದಿ. 1942ರ ಚಳವಳಿಯಲ್ಲಿ, ಮತ್ತೆ 1975ರ ತುರ್ತುಪರಿಸ್ಥಿತಿಯಲ್ಲಿ, ಗುಟ್ಟಾಗಿ ಅಚ್ಚಾದ ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸಿದವರು ಜೈಲು ಕಂಡರು; ಅದರಲ್ಲಿ ಏನಿದೆ ಎಂಬುದು ಅವರಿಗೆ ತಿಳಿದಿತ್ತು, ಅದಕ್ಕಾಗಿಯೇ ಅವರು ಆ ಅಪಾಯವನ್ನು ಹೊತ್ತರು. ಕೋಚಿಂಗ್ ಸೆಂಟರ್‌ನ ಕರಪತ್ರಕ್ಕೂ ಇದು ಸಲ್ಲುತ್ತದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತರಬೇತಿ ಕೇಂದ್ರಗಳು ಆಯ್ಕೆ ಖಾತರಿ, ಉದ್ಯೋಗ ಖಾತರಿ ಎಂದು ಸುಳ್ಳು ಭರವಸೆ ನೀಡುವಂತಿಲ್ಲ. ಯಶಸ್ವಿ ಅಭ್ಯರ್ಥಿಗಳ ಫೋಟೋವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಅಂತಹ ಭರವಸೆಯನ್ನು ಸಾಲ ಮಾಡಿ ಶುಲ್ಕ ಕಟ್ಟುವ ಮನೆಯವರ ಕೈಗೆ ನೀವು ಕೊಡಬೇಕಾಗಿ ಬಂದರೆ, ಮಾಲೀಕರನ್ನು ಕೇಳಿ. ಉತ್ತರ ಸರಿಬಾರದಿದ್ದರೆ ಬಿಡಿ. ಚುನಾವಣೆಯ ಕಾಲದಲ್ಲಿ ಇನ್ನೂ ಎಚ್ಚರ ಬೇಕು. ಪ್ರಜಾಪ್ರತಿನಿಧಿ ಕಾಯ್ದೆ, 1951ರ 127ಎ ಕಲಮಿನಂತೆ, ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸಗಳಿಲ್ಲದ ಚುನಾವಣಾ ಕರಪತ್ರವನ್ನು ಅಚ್ಚು ಹಾಕುವುದೂ ಪ್ರಕಟಿಸುವುದೂ ಅಪರಾಧ. ಆರು ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಳೆಯ ಅಡಿಯಲ್ಲಿ ಆ ಸಣ್ಣ ಅಕ್ಷರದ ಸಾಲು ಇಲ್ಲದಿದ್ದರೆ ಬಂಡಲ್ಲನ್ನು ಮುಟ್ಟಬೇಡಿ.

ಈ ಕೆಲಸವನ್ನೇ ನೆಚ್ಚಿಕೊಂಡು ಬದುಕುವವರು ನಿಮ್ಮ ಜೊತೆಯಲ್ಲಿದ್ದರೆ, 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಕೇಂದ್ರ ಸರ್ಕಾರದ ಇ-ಶ್ರಮ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದೆಂದು ಅವರಿಗೆ ತಿಳಿಸಿ.

ಬಯೋಡೇಟಾದಲ್ಲಿ ಖಂಡಿತ ಬರೆಯಿರಿ. ಯಾವ ಸಂಸ್ಥೆಗೆ, ಯಾವ ತಿಂಗಳುಗಳಲ್ಲಿ, ಎಲ್ಲಿ ಹಂಚಿದಿರಿ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ನಿಮ್ಮ ಮಾತು ಕೇಳಿ ವಿಚಾರಿಸಲು ಬಂದವರ ಲೆಕ್ಕವನ್ನು ಮಾಲೀಕರು ಇಟ್ಟಿದ್ದರೆ ಅದನ್ನೂ ಕೇಳಿ ಪಡೆದು ಸೇರಿಸಿ. ಸಂದರ್ಶನದಲ್ಲಿ ಯಾರಾದರೂ ಅದರ ಬಗ್ಗೆ ಪ್ರಶ್ನಿಸಿದರೆ, ನಮಗೆ ಬರೆದಷ್ಟೇ ನೇರವಾಗಿ ಉತ್ತರಿಸಿ.

ಇಂತಿ,
ಸಂಪಾದಕ